ವುಡಿಯ ಟೋಪಿ ಮಾಯವಾದಾಗ



ಅನಿಮೇಷನ್ ಚಿತ್ರ ಮುಗಿದ ಕೂಡಲೇ ಪರದೆಯ ಮೇಲೆ ನೂರಾರು ಹೆಸರುಗಳು ಮೇಲೇರುತ್ತವೆ. ಅಷ್ಟು ಹೊತ್ತಿಗೆ ನಾವೆಲ್ಲ ಎದ್ದು, ಕತ್ತಲಲ್ಲಿ ಮಕ್ಕಳ ಚಪ್ಪಲಿ ಹುಡುಕುತ್ತಿರುತ್ತೇವೆ. ಆ ಹೆಸರುಗಳ ಸಾಲಿನಲ್ಲಿ 'ಪೈಪ್‌ಲೈನ್', 'ಸಿಸ್ಟಮ್ಸ್', 'ಡೇಟಾ' ಎಂಬ ತಲೆಬರಹಗಳ ಕೆಳಗೆ ಕೆಲವರು ಬರುತ್ತಾರೆ. ಅವರು ಚಿತ್ರದಲ್ಲಿ ಒಂದು ಗೆರೆ ಎಳೆದವರಲ್ಲ, ಒಂದು ಬಣ್ಣ ಬಳಿದವರೂ ಅಲ್ಲ. ಬೇರೆಯವರು ಎಳೆದದ್ದರಲ್ಲಿ ಮೊದಲಿನದು ಯಾವುದು, ಈಚಿನದು ಯಾವುದು, ನಿರ್ದೇಶಕರು ಒಪ್ಪಿದ್ದು ಯಾವುದು, ಈ ಗಳಿಗೆಯಲ್ಲಿ ಯಾವುದು ಯಾರ ಕೈಯಲ್ಲಿದೆ ಎಂಬ ಲೆಕ್ಕ ಅವರ ಪಾಲಿನದು. ವರ್ಷನ್ ಕಂಟ್ರೋಲ್ ಎಂದು ಕರೆಯುವುದು ಇದನ್ನೇ. ಈ ಲೆಕ್ಕ ಕೈತಪ್ಪಿದರೆ ಏನಾದೀತು ಎನ್ನುವುದಕ್ಕೆ ಅನಿಮೇಷನ್ ಕಸುಬಿನವರೆಲ್ಲ ಹೇಳುವ ಪ್ರಸಂಗವೊಂದಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಅದು 1998. ಪಿಕ್ಸಾರ್ ಸ್ಟುಡಿಯೋ ಆಗ ಕ್ಯಾಲಿಫೋರ್ನಿಯಾದ ಪಾಯಿಂಟ್ ರಿಚ್ಮಂಡ್‌ನಲ್ಲಿತ್ತು. ಪೂರ್ತಿ ಕಂಪ್ಯೂಟರಿನಲ್ಲೇ ತಯಾರಾದ ಮೊದಲ ಪೂರ್ಣಾವಧಿ ಚಿತ್ರ 'ಟಾಯ್ ಸ್ಟೋರಿ' ಬಂದು ಮೂರು ವರ್ಷವಾಗಿತ್ತು. ಎರಡನೆಯ ಭಾಗದ ಕೆಲಸ ಭರದಿಂದ ನಡೆದಿತ್ತು. ತಾಂತ್ರಿಕ ವಿಭಾಗದ ಒರೆನ್ ಜೇಕಬ್ ಸಹೋದ್ಯೋಗಿಗಳ ಜೊತೆ ಕೂತು ಕೌಬಾಯ್ ಗೊಂಬೆ ವುಡಿಯ ಫೈಲುಗಳಿದ್ದ ಫೋಲ್ಡರ್ ನೋಡುತ್ತಿದ್ದರು. ನೋಡನೋಡುತ್ತ ವುಡಿಯ ಟೋಪಿಯ ಫೈಲು ಇಲ್ಲವಾಯಿತು. ಆಮೇಲೆ ಬೂಟುಗಳು. ಆಮೇಲೆ ವುಡಿಯೇ ಇಲ್ಲ. ಸರ್ವರ್ ಮೇಲೆ ಯಾರೋ ಕೊಟ್ಟ ಅಳಿಸುವ ಆಜ್ಞೆಯೊಂದು ಚಿತ್ರದ ಮೂಲ ಫೋಲ್ಡರಿನಿಂದಲೇ ಓಡುತ್ತಿತ್ತು. ಜೇಕಬ್ ಯಂತ್ರಗಳ ಕೋಣೆಗೆ ಫೋನ್ ಮಾಡಿ ಮೊದಲು ಪ್ಲಗ್ ಕಿತ್ತುಹಾಕಿ ಎಂದರು. ಕಿತ್ತದ್ದೂ ಆಯಿತು. ಅಷ್ಟರಲ್ಲಿ ಚಿತ್ರದ ಸುಮಾರು ಶೇ. 90 ಭಾಗ ಹೋಗಿತ್ತು.

ಬ್ಯಾಕಪ್ ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ಟೇಪಿನ ಮೇಲೆ ಕ್ರಮವಾಗಿ ನಕಲು ಆಗುತ್ತಲೇ ಇದೆ ಎಂದು ಎಲ್ಲರೂ ನಂಬಿದ್ದರು. ತೆಗೆದು ನೋಡಿದರೆ ಹಿಂದಿನ ಒಂದು ತಿಂಗಳಿನಿಂದ ಅದು ಸರಿಯಾಗಿ ಆಗಿರಲೇ ಇಲ್ಲ. ಟೇಪಿನಿಂದ ಫೈಲು ವಾಪಸು ತಂದು ಯಾರೂ ಅದುವರೆಗೆ ಪರೀಕ್ಷಿಸಿರಲಿಲ್ಲ. ಚಿತ್ರ ಉಳಿದದ್ದು ಒಬ್ಬ ಬಾಣಂತಿಯಿಂದ. ಗ್ಯಾಲಿನ್ ಸಸ್ಮನ್ ಚಿತ್ರದ ಮೇಲ್ವಿಚಾರಕ ತಾಂತ್ರಿಕ ನಿರ್ದೇಶಕಿ. ಹೆರಿಗೆಯಾಗಿ ಮನೆಯಿಂದ ಕೆಲಸ ಮಾಡುತ್ತಿದ್ದ ಅವರ ಮನೆಯ ಕಂಪ್ಯೂಟರಿಗೆ ಚಿತ್ರದ ನಕಲನ್ನು ಆಗಾಗ ಇಳಿಸಿಕೊಡುತ್ತಿದ್ದರು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿಗೆ ಬೆಲ್ಟ್ ಹಾಕಿ ಕೂರಿಸಿ, ನಿಧಾನಕ್ಕೆ ಓಡಿಸಿಕೊಂಡು ಸ್ಟುಡಿಯೋಗೆ ತಂದರು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಕಂಬಳಿ ಸುತ್ತಿದ ಕಂಪ್ಯೂಟರ್ ಚೆನ್ನಾದ ದೃಶ್ಯ, ಒಪ್ಪುತ್ತೇನೆ. ಆದರೆ ನಮಗೆ ಬೇಕಾದ ಭಾಗ ಆಮೇಲಿನದು. ಸಸ್ಮನ್ ಅವರ ನಕಲು ಸುಮಾರು ಎರಡು ವಾರ ಹಳೆಯದು. ಆ ಎರಡು ವಾರದ ಕೆಲಸದ ತುಣುಕುಗಳು ಯಾರ್‍ಯಾರದೋ ಯಂತ್ರಗಳಲ್ಲಿ, ಅಲ್ಲಲ್ಲಿ ಉಳಿದಿದ್ದವು. ಒಂದೇ ಫೈಲಿಗೆ ಎರಡು ಮೂರು ರೂಪ. ಯಾವುದು ಸರಿ? ಯಂತ್ರದಿಂದ ತಾಳೆ ನೋಡಿ ಬಹುಪಾಲನ್ನು ತೀರ್ಮಾನಿಸಿದರು. ಉಳಿದ ಸುಮಾರು 30,000 ಫೈಲುಗಳನ್ನು ಮನುಷ್ಯರೇ ಪಾಳಿಯಲ್ಲಿ ಕೂತು ಒಂದೊಂದಾಗಿ ಕಣ್ಣಿಟ್ಟು ನೋಡಬೇಕಾಯಿತು. ಫೈಲು ಸಿಕ್ಕಿತ್ತು; ಅದರ ಚರಿತ್ರೆ ಸಿಕ್ಕಿರಲಿಲ್ಲ. ಬ್ಯಾಕಪ್ ಬೇರೆ, ವರ್ಷನ್ ಕಂಟ್ರೋಲ್ ಬೇರೆ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಬ್ಯಾಕಪ್ ಕಳೆದುಹೋದದ್ದನ್ನು ತಂದುಕೊಡುತ್ತದೆ. ತಂದದ್ದರಲ್ಲಿ ಯಾವುದನ್ನು, ಯಾರು, ಯಾಕೆ ಬದಲಿಸಿದ್ದರು ಎಂದು ಹೇಳುವುದು ಅದರಿಂದಾಗದು.

ಇನ್ನೊಂದು ಮಾತು. ಅಷ್ಟು ಕಷ್ಟಪಟ್ಟು ಉಳಿಸಿದ ದೃಶ್ಯಗಳಲ್ಲಿ ಬಹಳಷ್ಟನ್ನು ಕೆಲವೇ ತಿಂಗಳಲ್ಲಿ ಅವರೇ ಬಿಸಾಡಿದರು. ಕಥೆ ಚೆನ್ನಾಗಿ ಬಂದಿಲ್ಲ ಎಂದು ನಿರ್ದೇಶಕ ಜಾನ್ ಲ್ಯಾಸೆಟರ್ ಮತ್ತು ತಂಡ ಹೆಚ್ಚುಕಡಿಮೆ ಒಂಬತ್ತು ತಿಂಗಳಲ್ಲಿ ಚಿತ್ರವನ್ನು ಮತ್ತೆ ಕಟ್ಟಿತು. 1999ರ ನವೆಂಬರ್‌ನಲ್ಲಿ ಅದು ಬಿಡುಗಡೆಯಾಯಿತು. ಹಾಗೆ ಉಳಿಸಿಕೊಂಡ ಗೊಂಬೆಗಳು, ಸೆಟ್ಟುಗಳು, ಬೆಳಕಿನ ಏರ್ಪಾಟುಗಳು ಇರದಿದ್ದರೆ ಆ ಒಂಬತ್ತು ತಿಂಗಳ ಓಟ ಸಾಧ್ಯವೇ ಇರಲಿಲ್ಲ. ಅಂದಹಾಗೆ, ಆ ಆಜ್ಞೆ ಕೊಟ್ಟವರು ಯಾರು ಎಂದು ಹುಡುಕುತ್ತ ಕೂರಲಿಲ್ಲ ಎಂದು ಪಿಕ್ಸಾರ್‌ನ ಅಧ್ಯಕ್ಷರಾಗಿದ್ದ ಎಡ್ ಕ್ಯಾಟ್ಮಲ್ 2014ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ನಮ್ಮ ಕಚೇರಿಗಳಲ್ಲಿ ಮೊದಲು ನಡೆಯುವುದೇ ಆ ಹುಡುಕಾಟ.

ಐಟಿ ಕೆಲಸದಲ್ಲಿರುವ ಗೆಳೆಯರು ಇಷ್ಟು ಕೇಳಿದ ಮೇಲೆ ತಪ್ಪದೆ ಹೇಳುವ ಮಾತೊಂದಿದೆ. "ಇದೆಲ್ಲ ಹಳೇ ಸಮಸ್ಯೆ ಮಾರಾಯ್ರೇ, ಗಿಟ್ ಇದೆಯಲ್ಲ!" ಗಿಟ್ ಎಂದರೆ ಪ್ರೋಗ್ರಾಂ ಬರೆಯುವವರು ದಿನನಿತ್ಯ ಬಳಸುವ ವರ್ಷನ್ ಕಂಟ್ರೋಲ್. ಅವರ ಲೋಕದಲ್ಲಿ ಅದು ನಿಜಕ್ಕೂ ಸೊಗಸಾಗಿ ನಡೆಯುತ್ತದೆ. ಪ್ರೋಗ್ರಾಂ ಅಂದರೆ ಸಾಲುಸಾಲಾಗಿ ಬರೆದ ಅಕ್ಷರ. ನೀವು ಹತ್ತನೇ ಸಾಲು ತಿದ್ದಿದಿರಿ, ನಾನು ನೂರನೇ ಸಾಲು ತಿದ್ದಿದೆ; ಎರಡೂ ತಿದ್ದುಪಡಿಗಳನ್ನು ಕಂಪ್ಯೂಟರ್ ತಾನೇ ಕೂಡಿಸುತ್ತದೆ. ಇದಕ್ಕೆ ಮರ್ಜ್ ಎನ್ನುತ್ತಾರೆ.

ಚಿತ್ರದಲ್ಲಿ ಇದು ನಡೆಯುವುದಿಲ್ಲ. ಹಂಚಿನ ಮನೆಯಿರುವ ಒಂದು ಹಿನ್ನೆಲೆ ಚಿತ್ರ ಇದೆ ಅನ್ನಿ. ಒಬ್ಬರು ಅದರ ಆಕಾಶವನ್ನು ಮಧ್ಯಾಹ್ನದಿಂದ ಸಂಜೆಗೆ ತಿರುಗಿಸಿದರು. ಅದೇ ಹೊತ್ತಿಗೆ ಇನ್ನೊಬ್ಬರು ಹಳೆಯ ಪ್ರತಿ ತೆಗೆದುಕೊಂಡು ಮಾಡಿನ ಹಂಚುಗಳನ್ನು ಹೊಸದಾಗಿ ಬರೆದರು. ಸಂಜೆಯ ಬಿಸಿಲು ಆ ಹೊಸ ಹಂಚಿನ ಮೇಲೆ ಹೇಗೆ ಬೀಳಬೇಕು ಎಂದು ಯಾವ ಮರ್ಜ್ ತೀರ್ಮಾನಿಸೀತು? ಕೊನೆಗೆ ಸೇವ್ ಮಾಡಿದವರ ಕೆಲಸ ಉಳಿಯುತ್ತದೆ, ಮೊದಲಿನವರದ್ದು ನೀರುಪಾಲು. ಗಾತ್ರದ ತಾಪತ್ರಯ ಬೇರೆ. 500 ಎಂಬಿಯ ಒಂದು ಚಿತ್ರವನ್ನು ಮೂವತ್ತು ಸಲ ತಿದ್ದಿ ಇಟ್ಟರೆ 15 ಜಿಬಿ. ಗಿಟ್‌ನ ಪದ್ಧತಿಯಲ್ಲಿ ಪ್ರತಿಯೊಬ್ಬರ ಯಂತ್ರಕ್ಕೂ ಪೂರ್ತಿ ಚರಿತ್ರೆ ಇಳಿಯುತ್ತದೆ. ಗಿಟ್ ಕೆಲಸಗಳನ್ನು ಇರಿಸಿಕೊಳ್ಳುವ ಗಿಟ್‌ಹಬ್ ತಾಣವಂತೂ 100 ಎಂಬಿ ಮೀರಿದ ಫೈಲನ್ನು ಸೇರಿಸಿಕೊಳ್ಳುವುದೇ ಇಲ್ಲ. 2015ರಲ್ಲಿ ಅವರೇ ದೊಡ್ಡ ಫೈಲುಗಳಿಗೆಂದು ಎಲ್‌ಎಫ್‌ಎಸ್ ಎಂಬ ಬೇರೆ ದಾರಿ ಮಾಡಿಕೊಟ್ಟರು. ಅದರಲ್ಲಿ ಚರಿತ್ರೆಯಲ್ಲಿರುವುದು ಫೈಲಿನ ವಿಳಾಸಚೀಟಿ ಮಾತ್ರ, ಫೈಲು ಬೇರೆ ಕಡೆ. ಉಪಯೋಗವಿದೆ. ಆದರೂ ಹಂಚು ಮತ್ತು ಸಂಜೆಬಿಸಿಲಿನ ಜಗಳ ಫೈಲನ್ನು ಬೇರೆ ಕಡೆ ಇಟ್ಟ ಮಾತ್ರಕ್ಕೆ ತೀರುವುದಿಲ್ಲ.

ಅದು ತೀರುವುದು ಬೀಗದಿಂದ. ಒಂದೇ ಪ್ರತಿಯಿರುವ ಪುಸ್ತಕವನ್ನು ಗ್ರಂಥಾಲಯದಿಂದ ಒಬ್ಬರು ಒಯ್ದರೆ ಮಿಕ್ಕವರು ಕಾಯುವಂತೆ, ಫೈಲು ಒಬ್ಬರ ಕೈಯಲ್ಲಿರುವಾಗ ಇನ್ನೊಬ್ಬರು ಅದನ್ನು ನೋಡಬಹುದು, ತಿದ್ದುವ ಹಾಗಿಲ್ಲ. 1980ರ ದಶಕದ ಆರಂಭದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಚಿ ಕಟ್ಟಿದ ಆರ್‌ಸಿಎಸ್ ಎಂಬ ವ್ಯವಸ್ಥೆಯಲ್ಲಿ ಬೀಗವೇ ಪದ್ಧತಿಯಾಗಿತ್ತು. ಪ್ರೋಗ್ರಾಂನವರಿಗೆ ಕಾಯುವುದು ಬೇಸರವೆನಿಸಿ, ಬೀಗ ಬಿಟ್ಟು ಮರ್ಜ್ ಹಿಡಿದರು. ಇಲ್ಲೊಂದು ತಮಾಷೆಯಿದೆ. 2005ರ ಏಪ್ರಿಲ್‌ನಲ್ಲಿ ಲಿನಸ್ ಟೋರ್ವಾಲ್ಡ್ಸ್ ಗಿಟ್ ಬರೆದರು. ಬೀಗದ ಗೊಡವೆಯೇ ಇಲ್ಲದ ಪದ್ಧತಿ. ಅದರ ಮರುತಿಂಗಳೇ ಸಬ್‌ವರ್ಷನ್ ಎಂಬ ಇನ್ನೊಂದು ವ್ಯವಸ್ಥೆಯ 1.2ನೇ ಆವೃತ್ತಿ ಬಂತು. ಅದರ ಮುಖ್ಯ ಹೊಸತು ಬೀಗ! ಮರ್ಜ್ ಮಾಡಲಾಗದ ಚಿತ್ರ, ಧ್ವನಿಗಳಂಥ ಫೈಲುಗಳಿಗೆಂದೇ ಅದನ್ನು ವಾಪಸು ತಂದಿದ್ದರು. ಒಂದು ಕಸುಬಿನವರು ಹಳತಾಯಿತೆಂದು ಬಿಟ್ಟದ್ದು ಇನ್ನೊಂದು ಕಸುಬಿನವರಿಗೆ ಬೇಕೇ ಬೇಕಾಗಿತ್ತು. ಗೇಮ್ ತಯಾರಿಸುವ ಕಂಪನಿಗಳು ಇವತ್ತಿಗೂ 1995ರಲ್ಲಿ ಶುರುವಾದ, ಬೀಗವಿರುವ ಪರ್ಫೋರ್ಸ್ ಎಂಬ ವ್ಯವಸ್ಥೆಯನ್ನು ಬಿಡದೆ ಹಿಡಿದುಕೊಂಡಿರುವುದಕ್ಕೆ ಇದೂ ಒಂದು ಕಾರಣ.

ಬೀಗಕ್ಕೂ ಅದರದೇ ಕಾಟವಿದೆ. ಒಬ್ಬರು ಫೈಲಿಗೆ ಬೀಗ ಹಾಕಿ, ಆಯುಧಪೂಜೆಗೆ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಬೀಗ ತೆಗೆಯುವುದನ್ನು ಮರೆತು ರಾತ್ರಿ ಬಸ್ಸಿಗೆ ಊರಿಗೆ ಹೋದರೆಂದರೆ ವಿಜಯದಶಮಿ ಕಳೆಯುವ ತನಕ ಆ ದೃಶ್ಯ ಅಲ್ಲೇ. ಅದಕ್ಕೇ ಬೀಗ ಮುರಿಯುವ ಹಕ್ಕು ತಂಡದಲ್ಲಿ ಒಬ್ಬರಿಗೆ ಇರಬೇಕು. ಮುರಿದವರು ಬೀಗ ಹಾಕಿದವರಿಗೆ ಒಂದು ಫೋನ್ ಮಾಡಬೇಕು. ಸಾಫ್ಟ್‌ವೇರ್ ಮಾಡುವುದು ಮೊದಲಿನ ಅರ್ಧ. ಫೋನು ನಾವೇ ಮಾಡಬೇಕು.

ಅನಿಮೇಷನ್‌ನಲ್ಲಿ ನಿಜವಾದ ತೊಡಕು ಒಂದೊಂದೇ ಫೈಲಿನದಲ್ಲ, ಫೈಲುಗಳ ನಂಟಿನದು. ಒಂದು ಪಾತ್ರ ಪರದೆಯ ಮೇಲೆ ಕೈ ಬೀಸುತ್ತದೆ. ಅದರ ಹಿಂದೆ ಮೈಯ ಮಾಡೆಲ್ ಇದೆ, ಮೈಗೆ ಹಚ್ಚಿದ ಟೆಕ್ಸ್ಚರ್ ಇದೆ, ಒಳಗೆ ಎಲುಬು ಕೀಲುಗಳ ಹಾಗೆ ರಿಗ್ ಇದೆ. ರಿಗ್ಗಿನಲ್ಲಿ ಹಿಡಿದು ಎಳೆಯುವುದಕ್ಕೆ ಕಂಟ್ರೋಲ್‌ಗಳಿವೆ, ಪ್ರತಿಯೊಂದಕ್ಕೂ ಹೆಸರಿದೆ. ಯಾವ ಗಳಿಗೆಗೆ ಯಾವ ಭಂಗಿ ಎಂದು ಗುರುತಿಸುವ ಕೀಗಳನ್ನು ಅನಿಮೇಟರ್ ಹಾಕಿದಾಗ ಆ ಚಲನೆ ಕಂಟ್ರೋಲ್‌ನ ಹೆಸರಿಗೆ ಅಂಟಿಕೊಳ್ಳುತ್ತದೆ. ಒಂದು ದೃಶ್ಯದಲ್ಲಿ ಪಾತ್ರ ಬಾಗಿಲು ತೆರೆಯುತ್ತದೆ ಅಂದುಕೊಳ್ಳಿ. ಅನಿಮೇಟರ್ ಅದಕ್ಕೆ ಎರಡು ವಾರ ಕೂತಿದ್ದಾರೆ. ಶುಕ್ರವಾರ ಸಂಜೆ ರಿಗ್ ಮಾಡುವವರು ಅಚ್ಚುಕಟ್ಟು ಮಾಡೋಣವೆಂದು ಮೊಣಕೈ ಕಂಟ್ರೋಲ್‌ಗೆ ಬೇರೆ ಹೆಸರಿಟ್ಟು, ಅದೇ ಫೈಲಿನ ಮೇಲೆ ಸೇವ್ ಮಾಡಿ ಮನೆಗೆ ಹೋಗುತ್ತಾರೆ. ಸೋಮವಾರ ದೃಶ್ಯ ತೆರೆದರೆ ಪಾತ್ರ ಕಣ್ಣು ಹೊರಳಿಸುತ್ತದೆ, ನಡೆಯುತ್ತದೆ, ಬಾಗಿಲ ಹತ್ತಿರ ಬರುತ್ತದೆ. ಮೊಣಕೈ ಮಾತ್ರ ಕೋಲಿನಂತೆ ನೆಟ್ಟಗೆ. ಎರಡು ವಾರದ ಕೀಗಳು ಫೈಲಿನಲ್ಲೇ ಇವೆ, ಅಂಟಿಕೊಳ್ಳುವುದಕ್ಕೆ ಆ ಹೆಸರಿಲ್ಲ. ಅಲ್ಲಿ ಯಾರೂ ಏನನ್ನೂ ಅಳಿಸಿಲ್ಲ. ಹಾಗಿದ್ದೂ ಕೆಲಸ ಕೆಟ್ಟಿದೆ.

ಇದನ್ನು ತಡೆಯುವುದಕ್ಕೆ ಸ್ಟುಡಿಯೋಗಳು 'ಪಬ್ಲಿಷ್' ಎಂಬ ಪದ್ಧತಿ ಇಟ್ಟುಕೊಂಡಿವೆ. ನಿಮ್ಮ ಜಾಗದಲ್ಲಿ ನೀವು ಏನು ಬೇಕಾದರೂ ಮಾಡಿಕೊಳ್ಳಿ, ಕೆಡಿಸಿ, ಕಟ್ಟಿ. ಬೇರೆಯವರು ಬಳಸಬಹುದು ಎನಿಸಿದಾಗ ಪಬ್ಲಿಷ್ ಮಾಡಿ. ಒಮ್ಮೆ ಪಬ್ಲಿಷ್ ಆದದ್ದರ ಮೇಲೆ ಯಾರೂ, ಎಂದೂ ಸೇವ್ ಮಾಡುವಂತಿಲ್ಲ. ಮುಂದಿನದಕ್ಕೆ ಮುಂದಿನ ನಂಬರು. ದೃಶ್ಯವು ರಿಗ್ಗಿನ 14ನೇ ಆವೃತ್ತಿಯನ್ನು ಹಿಡಿದಿದ್ದರೆ, 15 ಬಂದರೂ ಅದು 14ನ್ನೇ ಹಿಡಿದಿರುತ್ತದೆ. ಬದಲಿಸುವ ಹೊತ್ತನ್ನು ಅನಿಮೇಟರ್ ಅಥವಾ ಮೇಲ್ವಿಚಾರಕರು ತೀರ್ಮಾನಿಸುತ್ತಾರೆ. ಪಬ್ಲಿಷ್ ಮಾಡುವಾಗ ಒಂದು ಟಿಪ್ಪಣಿ ಬರೆಯಬೇಕು. ಹೆಚ್ಚಿನವರು 'ಅಪ್‌ಡೇಟ್' ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. "ಎಡಹುಬ್ಬಿಗೆ ಹೊಸ ಕಂಟ್ರೋಲ್, ಹಳೆಯ ಕೀಗಳಿಗೆ ತೊಂದರೆಯಿಲ್ಲ" ಎಂದು ಬರೆದವರಿಗೆ ಇಡೀ ಅನಿಮೇಷನ್ ವಿಭಾಗ ಋಣಿ.

ಫೈಲಿಗೆ 'ಫೈನಲ್' ಎಂದು ಹೆಸರಿಡುವ ಅಭ್ಯಾಸದ ಬಗ್ಗೆ ಕಸುಬಿನಲ್ಲಿ ಬೇಕಾದಷ್ಟು ಜೋಕುಗಳಿವೆ, ಅವನ್ನು ಬಿಡುತ್ತೇನೆ. ಮುಖ್ಯವಾದದ್ದು ಇಷ್ಟು: ಕಡೆಯ ಆವೃತ್ತಿ ಬೇರೆ, ಒಪ್ಪಿಗೆಯಾದ ಆವೃತ್ತಿ ಬೇರೆ. ನಂಬರು ಮುಂದಕ್ಕೆ ಮಾತ್ರ ಹೋಗುತ್ತದೆ. ಒಪ್ಪಿಗೆ ಹಿಂದಕ್ಕೂ ಹೋಗಬಹುದು. ದಿನದ ಕೆಲಸ ತೋರಿಸುವ ಡೈಲೀಸ್ ಸಭೆಯಲ್ಲಿ 20ನೆಯದನ್ನು ನೋಡಿ ನಿರ್ದೇಶಕರು "12ರಲ್ಲಿ ಇದ್ದ ನೋಟವೇ ಚೆನ್ನಾಗಿತ್ತು" ಎನ್ನುವುದು ಮಾಮೂಲು. ಆಗ 12ನೇ ವೀಡಿಯೊ ತುಣುಕು ಇದ್ದರೆ ಸಾಲದು. ಆ ದಿನದ ರಿಗ್, ಆ ದಿನದ ಟೆಕ್ಸ್ಚರ್, ಆ ದಿನದ ಕ್ಯಾಮೆರಾ, ಬೆಳಕು ಎಲ್ಲವೂ ಯಾವ ನಂಬರಿನಲ್ಲಿದ್ದವು ಎಂದು ಗೊತ್ತಿದ್ದರೆ ಮಾತ್ರ ಆ ನೋಟ ಮತ್ತೆ ಹುಟ್ಟುತ್ತದೆ. ಈ ಭರವಸೆಯಿದ್ದ ತಂಡದಲ್ಲಿ 13ರಿಂದ 20ರವರೆಗೆ ಕಲಾವಿದರು ಧೈರ್ಯವಾಗಿ ಹೊಸದನ್ನು ಪ್ರಯತ್ನಿಸುತ್ತಾರೆ. ಭರವಸೆಯಿಲ್ಲದ ಕಡೆ ಕೈ ಬಿಗಿಹಿಡಿದು, ಇದ್ದುದನ್ನೇ ಸವರುತ್ತಿರುತ್ತಾರೆ. ವರ್ಷನ್ ಕಂಟ್ರೋಲ್ ಎಂದರೆ ಶಿಸ್ತಿನ ಕಿರಿಕಿರಿ ಎನ್ನುವವರ ಜೊತೆ ನನ್ನ ಭಿನ್ನಾಭಿಪ್ರಾಯ ಇರುವುದು ಇಲ್ಲೇ. ಕಲಾವಿದರಿಗೆ ಕೆಡಿಸುವ ಸ್ವಾತಂತ್ರ್ಯ ಕೊಡುವುದು ಅದು.

ಬೀಗ ಹಾಕಿ ಕಾಯಿಸುವ ಬದಲು, ಒಬ್ಬರ ಫೈಲನ್ನು ಇನ್ನೊಬ್ಬರು ಮುಟ್ಟುವ ಪ್ರಸಂಗವೇ ಬಾರದ ಹಾಗೆ ಮಾಡಿದರೆ? ಪಿಕ್ಸಾರ್ ಆ ದಿಕ್ಕಿನಲ್ಲಿ ಹೋಯಿತು. ಅವರ ಯುಎಸ್‌ಡಿ ಎಂಬ ಫೈಲು ಪದ್ಧತಿಯನ್ನು 2016ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಅದರಲ್ಲಿ ದೃಶ್ಯವೆಂದರೆ ಪದರಗಳು. ಲಾಂದ್ರ ಮೇಜಿನ ಮೇಲಿದೆ ಎಂದು ಸೆಟ್ ವಿಭಾಗದ ಪದರ ಹೇಳುತ್ತದೆ; ಇಷ್ಟು ಓಲಾಡುತ್ತದೆ ಎಂದು ಅನಿಮೇಷನ್ ಪದರ ಹೇಳುತ್ತದೆ; ಅದರ ಬೆಳಕು ಈ ಬಣ್ಣದ್ದು ಎಂದು ಬೆಳಕಿನ ವಿಭಾಗದ ಪದರ. ಒಂದೇ ಸಂಗತಿಯ ಬಗ್ಗೆ ಎರಡು ಪದರ ಬೇರೆಬೇರೆ ಹೇಳಿದರೆ ಯಾರ ಮಾತು ಗೆಲ್ಲಬೇಕು ಎಂಬುದಕ್ಕೆ ಮೊದಲೇ ನಿಯಮವಿದೆ. ಸೋತ ಮಾತು ಅಳಿಸಿಹೋಗುವುದಿಲ್ಲ, ಅದರ ಪದರದಲ್ಲಿ ಹಾಗೇ ಇರುತ್ತದೆ. ಕಾಗದದ ಮೇಲೆ ಅನಿಮೇಷನ್ ಮಾಡುತ್ತಿದ್ದ ಕಾಲದಲ್ಲಿ ಬೆಳಕಿನ ಮೇಜಿನ ಮೇಲೆ ಹೊಸ ಹಾಳೆಯ ಕೆಳಗೆ ಹಳೆಯ ಗೆರೆ ಕಾಣುತ್ತಿತ್ತಲ್ಲ, ಆ ಸೌಲಭ್ಯ ಕಂಪ್ಯೂಟರಿಗೆ ಬರಲು ಇಷ್ಟು ದಿನ ಹಿಡಿಯಿತು.

ಫೈಲು ಜೋಪಾನವಾಗಿದ್ದರೂ ಅದನ್ನು ತೆರೆಯುವ ಸಾಫ್ಟ್‌ವೇರ್ ಇಲ್ಲದಿದ್ದರೆ? 2009ರಲ್ಲಿ ಮೊದಲ 'ಟಾಯ್ ಸ್ಟೋರಿ'ಯನ್ನು ತ್ರೀಡಿಯಲ್ಲಿ ಮತ್ತೆ ಬಿಡುಗಡೆ ಮಾಡುವಾಗ, ಹಳೆಯ ಫೈಲುಗಳನ್ನು ಹೊಸ ಸಾಫ್ಟ್‌ವೇರಿಗೆ ಒಗ್ಗಿಸುವುದಕ್ಕೇ ಪಿಕ್ಸಾರ್‌ಗೆ ನಾಲ್ಕು ತಿಂಗಳು ಹಿಡಿಯಿತು. ಮಾಡಿದವರೇ ಅವರು, ಫೈಲುಗಳೂ ಅವರವೇ. ಆದ್ದರಿಂದ ದೃಶ್ಯದ ಜೊತೆಗೆ ಸಾಫ್ಟ್‌ವೇರ್, ಪ್ಲಗಿನ್‌ಗಳ ನಂಬರನ್ನೂ ಬರೆದಿಡುವುದು ವಾಸಿ.

ಇಷ್ಟೆಲ್ಲ ದೊಡ್ಡವರ ವಿಷಯ, ನಾಲ್ಕು ಜನರ ತಂಡಕ್ಕೆ ಇದೆಲ್ಲ ಹೊರೆ ಎಂದುಕೊಳ್ಳಬೇಡಿ. ಆಮ್‌ಸ್ಟರ್‌ಡ್ಯಾಮ್‌ನ ಬ್ಲೆಂಡರ್ ಸ್ಟುಡಿಯೋ ಸಣ್ಣ ತಂಡ. 2006ರ 'ಎಲಿಫೆಂಟ್ಸ್ ಡ್ರೀಮ್'ನಿಂದ ಹಿಡಿದು ಅವರು ತಮ್ಮ ಕಿರುಚಿತ್ರಗಳ ಮೂಲ ಫೈಲುಗಳನ್ನು ಜನರಿಗೆ ಬಿಚ್ಚಿ ಕೊಡುತ್ತ ಬಂದಿದ್ದಾರೆ. ಚಿತ್ರದ ಫೈಲುಗಳಿಗೆ ಅವರು ಬಳಸುವುದು ನಾನು ಆಗಲೇ ಹೇಳಿದ ಸಬ್‌ವರ್ಷನ್. ಪ್ರೋಗ್ರಾಂ ಮತ್ತು ಸ್ಕ್ರಿಪ್ಟುಗಳಿಗೆ ಗಿಟ್. ಸಬ್‌ವರ್ಷನ್ ಐಟಿಯವರು ಮುದಿ ಎನ್ನುವ ಸಾಧನ; ಇವರು ಯಾವ ಸಂಕೋಚವೂ ಇಲ್ಲದೆ ಅದನ್ನು ಬಳಸುತ್ತಾರೆ. ಅವರು ಚಿತ್ರ ಕಟ್ಟುವ ಬ್ಲೆಂಡರ್ ಸಾಫ್ಟ್‌ವೇರ್ ಉಚಿತ, ಸಬ್‌ವರ್ಷನ್ನೂ ಉಚಿತ. ಲಾತ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ಅವರ 'ಫ್ಲೋ' ಬ್ಲೆಂಡರ್‌ನಲ್ಲೇ ತಯಾರಾಗಿ 2025ರಲ್ಲಿ ಆಸ್ಕರ್ ಗೆದ್ದ ಮೇಲಂತೂ ಸಾಧನದ ಬಡತನವನ್ನು ನೆಪ ಹೇಳುವ ಹಾಗಿಲ್ಲ.

ನಮ್ಮ ಬೆಂಗಳೂರಿನ ಮಾತಿಗೆ ಬರುತ್ತೇನೆ. ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಕ್ಕೆಂದೇ ನೀತಿ ತಂದ ಮೊದಲ ರಾಜ್ಯ ಕರ್ನಾಟಕ; ಅದು 2012ರಲ್ಲಿ. 2024ರಲ್ಲಿ ಹೊಸ ನೀತಿ ಬಂದಿದೆ. ಇಲ್ಲಿನ ಕಲಾವಿದರು ಹೊರದೇಶದ ಚಿತ್ರಗಳಿಗೆ ವರ್ಷಗಟ್ಟಲೆ ದುಡಿದಿದ್ದಾರೆ. ಟೆಕ್ನಿಕಲರ್‌ನ ಬೆಂಗಳೂರು ಸ್ಟುಡಿಯೋದಲ್ಲಿ ಡ್ರೀಮ್‌ವರ್ಕ್ಸ್ ಚಿತ್ರಗಳಿಗೆಂದೇ ಪ್ರತ್ಯೇಕ ವಿಭಾಗವಿತ್ತು. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಮೂಹ ನೆಲಕಚ್ಚಿದಾಗ ಬೆಂಗಳೂರಿನ ಕೆಲಸವೂ ನಿಂತಿತು. ಇಂಥ ದೊಡ್ಡ ಸಂಸ್ಥೆಗಳಲ್ಲಿ ಬೀಗ, ನಂಬರು, ಪಬ್ಲಿಷ್ ಎಲ್ಲವನ್ನೂ ಪೈಪ್‌ಲೈನ್ ವಿಭಾಗ ನೋಡಿಕೊಳ್ಳುತ್ತಿತ್ತು. ಕಲಾವಿದರು ಒಂದು ಗುಂಡಿ ಒತ್ತಿದರೆ ಆಗಿಹೋಗುತ್ತಿತ್ತು. ಬಾಡಿಗೆ ಮನೆಯ ಮೇಲ್ಮಹಡಿಯಲ್ಲಿ ಐದು ಜನರ ತಂಡ ಕಟ್ಟಿಕೊಂಡವರಿಗೆ ಆ ಗುಂಡಿ ಇರುವುದಿಲ್ಲ. ನಾನು ಕಂಡ ಮಟ್ಟಿಗೆ ಅನಿಮೇಷನ್ ಕಲಿಸುವ ನಮ್ಮ ಶಾಲೆಗಳೂ ಮಾಡೆಲಿಂಗ್, ಲೈಟಿಂಗ್ ಹೇಳಿಕೊಡುವಷ್ಟು ಆಸ್ಥೆಯಿಂದ ಇದನ್ನು ಹೇಳಿಕೊಡುವುದಿಲ್ಲ. ಮಕ್ಕಳು ಪೆನ್‌ಡ್ರೈವ್‌ನಲ್ಲಿ ಪ್ರಾಜೆಕ್ಟ್ ತಂದು ಪೆನ್‌ಡ್ರೈವ್‌ನಲ್ಲೇ ಒಪ್ಪಿಸುತ್ತಾರೆ.

ಕಲಿಸುವವರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಗುಂಪು ಪ್ರಾಜೆಕ್ಟಿಗೆ ಅಂಕ ಹಾಕುವಾಗ ಹತ್ತು ಅಂಕವನ್ನು ಚಿತ್ರಕ್ಕಲ್ಲದೆ ಚರಿತ್ರೆಗೆ ಇಡಿ. ಟಿಪ್ಪಣಿಗಳನ್ನು ಓದಿ, ಮೂರನೇ ವಾರದ ಆವೃತ್ತಿಯನ್ನು ಎದುರಿಗೇ ತೆಗೆದು ತೋರಿಸಲು ಹೇಳಿ. ಸಣ್ಣ ತಂಡ ನಡೆಸುತ್ತಿರುವ ಗೆಳೆಯರೇ, ನೀವು ಈ ವಾರವೇ, ಮುಗಿದುಹೋದ ಒಂದು ಹಳೆಯ ದೃಶ್ಯವನ್ನು ಬ್ಯಾಕಪ್‌ನಿಂದ ಹೊರತೆಗೆದು, ಆ ದೃಶ್ಯದಲ್ಲಿ ಕೆಲಸ ಮಾಡದ ಒಬ್ಬರ ಯಂತ್ರದ ಮೇಲೆ ತೆರೆದು, ರೆಂಡರ್ ಮಾಡಿ ನೋಡಿ. ಅದು ಆಗದಿದ್ದರೆ ಹೊಸ ಕೆಲಸ ಒಪ್ಪಿಕೊಳ್ಳುವ ಮೊದಲು ಅದನ್ನು ಸರಿಪಡಿಸಿಕೊಳ್ಳಿ.